ಸುಂಕೇಶನ ಅಪ್ಪ ಮಾಡಿದ ಚಾಕು

ಮೊನ್ನೆ ಹೊಳಗುಂದದ ಬಸ್ ನಿಲ್ದಾಣದ ಪಕ್ಕದ ಚಾ ಅಂಗಡಿಯಲ್ಲಿ ಇಬ್ಬರು ನನ್ನ ಕಣ್ಣೆದುರೇ ವಾದಕ್ಕೆ ಬಿದ್ದರು. ಸುಂಕೇಶ ಚಾಕುವಿಗೆ ಆ ಹೆಸರು ಬಂದದ್ದು ಸುಂಕಲಮ್ಮ ದೇವಿಯಿಂದ, ಹಿಂದೆ ಆಕೆಯ ಗುಡಿಯ ಮುಂದೆ ಅದನ್ನು ಮಾರುತ್ತಿದ್ದರು ಎಂದು ಒಬ್ಬನ ಮಾತು. ಇನ್ನೊಬ್ಬ ಫೋನು ತೆಗೆದು ವಿಡಿಯೋ ಹಚ್ಚಿದ. ಕನ್ನಡಕದವನೊಬ್ಬ ತೆಲುಗಿನಲ್ಲಿ ಹೇಳುತ್ತಿದ್ದ: ಹಿಂದಿನ ಕಾಲದಲ್ಲಿ ಸುಂಕ ವಸೂಲಿ ಮಾಡುವವರು ಈ ಚಾಕುವನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದರಂತೆ, ಅದಕ್ಕೇ ಈ ಹೆಸರಂತೆ. ಮಾತಿನ ಹಿಂದೆ ಕೊಳಲು ಬೇರೆ.

ನನಗೆ ತಲೆ ಕಾದುಹೋಯಿತು. ಚಾ ಲೋಟವನ್ನು ಹಲಗೆಗೆ ಕುಕ್ಕಿದೆ.

"ಲೇ, ಸುಂಕೇಶ ಅಂದ್ರ ನಮ್ಮ ಅಕ್ಕನ ಮಗ! ದೇವರೂ ಅಲ್ಲ, ಸುಂಕದವನೂ ಅಲ್ಲ. ಹಾಲು ಕುಡಿಯೋ ಕೂಸು!"

"ಕೂಸಿಗೆ ಯಾರಾದ್ರೂ ಚಾಕು ಕೊಡ್ತಾರೇನು ಮಾಮ?" ಎಂದ ವಿಡಿಯೋದವನು. ಎಲ್ಲರೂ ನಕ್ಕರು. ಅಂಗಡಿಯವನು, "ನರಸಪ್ಪ ಮಾಮಗ ಇನ್ನೊಂದು ಚಾ ಕೊಡ್ರಪ್ಪ, ಬಿಸಿ ಕಡಿಮಿ ಮಾಡಿ" ಎಂದ. ಮತ್ತೆ ನಕ್ಕರು.

ಬಾಯಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ. ನಾನು ಶಾಲೆ ಕಂಡದ್ದು ನಾಲ್ಕನೇ ತರಗತಿಯವರೆಗೆ, ಆಮೇಲೆಲ್ಲ ಕುರಿ ಹಿಂದೆ. ಆದರೂ ಬರೆಯುತ್ತೇನೆ. ಆ ಚಾಕುವಿನ ಹೆಸರಿನ ಕಥೆ ಎಂದರೆ ನಮ್ಮ ಅಕ್ಕ ಗಂಗಕ್ಕನ ಕಥೆ. ಆಕೆಯ ಕಥೆ ಬರೆಯುವುದೆಂದರೆ ನನ್ನ ತಲೆನೋವಿನ ಕಥೆಯನ್ನೂ ಬರೆದ ಹಾಗೆ.

ಚಾಕು ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಅಂಗೈ ಉದ್ದ, ಮಡಚಿದರೆ ಹಿಡಿಕೆಯೊಳಗೆ ಮಲಗುತ್ತದೆ. ಹಿಡಿಕೆ ಟಗರಿನ ಕೊಂಬಿನದು. ಅಲಗು ಲಾರಿ ಗಾಲಿಯ ಮೇಲೆ ಭಾರ ಹೊರುವ ಬಾಗಿದ ಪಟ್ಟಿ ಇರುತ್ತದಲ್ಲ, ಅದರ ಉಕ್ಕಿನದು. ಹಿಡಿಕೆಯ ಬಾಲಕ್ಕೆ ಒಂದು ತೂತು, ಅದಕ್ಕೆ ದಾರ ಹಾಕಿ ಉಡಿದಾರಕ್ಕೆ ಕಟ್ಟಿಕೊಳ್ಳುವುದು. ಅಡವಿಯಲ್ಲಿ ಕುರಿ ಈದರೆ ಮರಿಯ ಹೊಕ್ಕುಳ ಕೊಯ್ಯುವುದು ಅದರಿಂದ, ಗೊರಸು ಸವರುವುದು ಅದರಿಂದ, ರೊಟ್ಟಿಯ ಜೊತೆ ಉಳ್ಳಾಗಡ್ಡಿ ಹೆಚ್ಚುವುದೂ ಅದರಿಂದಲೇ. ಹೊಳಗುಂದದಿಂದ ಪೆದ್ದಹರಿವಾಣದವರೆಗೆ, ಹೊಳೆಯಾಚೆ ಕರ್ನಾಟಕದ ಕಡೆಗೂ, ಕುರಿ ಕಾಯುವವನ ಸೊಂಟ ತಡಕಿದರೆ ಒಂದು ಸುಂಕೇಶ ಸಿಕ್ಕೇ ಸಿಗುತ್ತದೆ.

ಮಾಡುತ್ತಿದ್ದವನು ನಮ್ಮ ಭಾವ ಮಾರೆಪ್ಪ. ನಮ್ಮ ಹಾಗೆಯೇ ಕುರಿಯವರ ಮನೆಯವನು. ಕಮ್ಮಾರಿಕೆ ಅವನಿಗೆ ವಂಶದಿಂದ ಬಂದದ್ದಲ್ಲ. ಆದೋನಿಯಲ್ಲಿ ಲಾರಿ ಪಟ್ಟಿ ರಿಪೇರಿ ಮಾಡುವ ಶೆಡ್ಡಿನಲ್ಲಿ ದುಡಿಯುತ್ತ ಕಬ್ಬಿಣ ಕಾಯಿಸುವುದನ್ನು ಕಲಿತ. ಮುರಿದ ಪಟ್ಟಿಯ ತುಂಡನ್ನು ಮನೆಗೆ ತಂದು, ಹಿತ್ತಲಲ್ಲಿ ಒಂದು ಕುಲುಮೆ ಹಾಕಿ, ತನಗೊಂದು ಚಾಕು ಮಾಡಿಕೊಂಡ. ನೋಡಿದವರು ನನಗೂ ಒಂದು ಎಂದರು. ಅಷ್ಟೇ. ಅವನು ಮಾತಿನವನಲ್ಲ. ಹೀಗಾಗಿ ಚಾಕುಗಳನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಸಂತೆಯಲ್ಲಿ ಕೂರುವುದು ಗಂಗಕ್ಕನ ಕೆಲಸವಾಯಿತು.

ನನ್ನ ತಲೆನೋವು ಶುರುವಾದದ್ದು ಇಲ್ಲಿಂದ. ನಮ್ಮ ಅಕ್ಕ ಗಂಡನ ಹೆಸರು ಹೇಳುವವಳಲ್ಲ. ನಮ್ಮ ಕಡೆ ಆ ಕಾಲದ ಹೆಂಗಸರು ಯಾರೂ ಹೇಳುತ್ತಿರಲಿಲ್ಲ, ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂಬ ಭಯ. ಆದರೆ ಉಳಿದವರು ಹೇಗೋ ದಾರಿ ಮಾಡಿಕೊಂಡರು. ಒಡಪು ಕಟ್ಟಿ ಪದ್ಯದೊಳಗೆ ಇಟ್ಟು ಹೇಳಿದರು, ಪಕ್ಕದವಳ ಕಿವಿಯಲ್ಲಿ ಊದಿದರು. ಈಕೆಯದು ಅದೂ ಇಲ್ಲ. ಹಲ್ಲು ಕಚ್ಚಿಕೊಂಡು ನಿಂತುಬಿಡುತ್ತಿದ್ದಳು. ಹಾಗಾಗಿ ನಮ್ಮ ಭಾವನ ಹೆಸರು ಹೇಳುವ ಕೆಲಸ ನನ್ನ ತಲೆಗೆ ಬಿತ್ತು. ರೇಷನ್ ಕಾರ್ಡಿಗೆ ಹೋದರೆ ನಾನು. ಬ್ಯಾಂಕಿಗೆ ಹೋದರೆ ನಾನು. ಹೆರಿಗೆಗೆ ಆದೋನಿ ಆಸ್ಪತ್ರೆಗೆ ಹೋದರೆ, ಆ ನೋವಿನಲ್ಲೂ ನಾನು ಬೇಕು. ಚೀಟಿ ಬರೆಯುವವಳು ಗಂಡನ ಹೆಸರನ್ನು ತೆಲುಗಿನಲ್ಲಿ, "ಭರ್ತ ಪೇರು?" ಎಂದು ಕೇಳುತ್ತಾಳೆ, ನಮ್ಮಕ್ಕ ನೋವಿಗೆ ಗೋಡೆ ಹಿಡಿದುಕೊಂಡೇ ಮೊಣಕೈಯಿಂದ ನನ್ನನ್ನು ತಿವಿಯುತ್ತಾಳೆ.

"ಮಾರೆಪ್ಪ!" ಎಂದು ನಾನು ಕೂಗುವುದು.

"ನೀನೇನಾ ಭರ್ತ?" ಎಂದು ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡುವುದು. ಆಗ ನನಗೆ ಮೀಸೆಯೂ ಬಂದಿರಲಿಲ್ಲ. ನಾನು ಸಿಟ್ಟಿನವನು ಎಂದು ಊರೆಲ್ಲ ಹೇಳುತ್ತದೆ. ಬೇರೆ ಏನಾಗಬೇಕಿತ್ತು ನಾನು?

ಸಂತೆಯಲ್ಲೂ ಮೊದಮೊದಲು ನಾನೇ ಪಕ್ಕದಲ್ಲಿ ಕೂರುತ್ತಿದ್ದೆ. ಯಾರ ಕೈಕೆಲಸ ಎಂದು ಕೇಳದೆ ನಮ್ಮ ಕಡೆ ಯಾರೂ ಕಬ್ಬಿಣ ಕೊಳ್ಳುವುದಿಲ್ಲ, ಕೇಳಿದವರಿಗೆ ನಾನು ಹೇಳುತ್ತಿದ್ದೆ. ಆಮೇಲೆ ಒಂದು ಬೇಸಿಗೆ ನಾನು ಕುರಿ ಹೊಡೆದುಕೊಂಡು ಹೊಳೆಯಾಚೆ ಹೋದೆ. ಸಂತೆಯಲ್ಲಿ ಅಕ್ಕ ಒಬ್ಬಳೇ. ತೊಡೆಯ ಮೇಲೆ ಮೊದಲನೇ ಮಗ ಸುಂಕೇಶ, ಸುಂಕಲಮ್ಮನಿಗೆ ಹರಕೆ ಹೊತ್ತು ಹುಟ್ಟಿದವನು, ವರ್ಷದ ಕೂಸು. ಯಾರೋ ಚಾಕು ಬಿಚ್ಚಿ ನೋಡಿ ಕೇಳಿದರು, "ಯಾರು ಮಾಡಿದ್ದವ್ವಾ ಇದು?"

ತಿವಿಯಲು ನಾನಿಲ್ಲ. ಕೂಸನ್ನು ತೋರಿಸಿ, "ಇವನಪ್ಪ, ಸುಂಕೇಶನಪ್ಪ ಮಾಡಿದ್ದು" ಎಂದಳಂತೆ.

ಮುಂದಿನ ಸಂತೆಗೆ ಬಂದವರು, ಆ ಸುಂಕೇಶನಪ್ಪನ ಚಾಕು ಕೊಡು ಎಂದರು. ಅದರ ಮುಂದಿನ ಸಂತೆಗೆ ಅಪ್ಪ ಉದುರಿ ಹೋದ. ಸುಂಕೇಶ ಚಾಕು. ನಾನು ಹೊಳೆ ದಾಟಿ ತಿರುಗಿ ಬರುವಷ್ಟರಲ್ಲಿ ಬರೀ ಸುಂಕೇಶ. ಹೆಸರಿನ ಮೂಲ ಇಷ್ಟೇ. ಇದಕ್ಕೆ ಕೊಳಲು ಬೇಕೇ?

ಅದೇ ವರ್ಷ ಮಳೆಗಾಲಕ್ಕೆ ಕೂಸಿಗೆ ಜ್ವರ ಬಂತು, ಉಳಿಯಲಿಲ್ಲ.

ಗಂಗಕ್ಕ ಕೆಲವು ಸಂತೆ ಹೋಗಲಿಲ್ಲ. ಆಮೇಲೆ ಹೋದಳು, ಹೋಗದೆ ಮನೆ ನಡೆಯಬೇಕಲ್ಲ. ಹೋಗಿ ಗೋಣಿಚೀಲ ಹಾಸಿದ ತಕ್ಷಣ ಒಬ್ಬ ಕುರಿಗಾರ ಬಂದು ಕೇಳಿದ, "ಸುಂಕೇಶ ಅದಾನೇನವ್ವಾ?" ಪಾಪ, ಅವನಿಗೇನು ಗೊತ್ತು. ಅವನು ಕೇಳಿದ್ದು ಚಾಕು. ಅವತ್ತು ನಾನು ಪಕ್ಕದಲ್ಲಿದ್ದೆ. ಎದ್ದು ಅವನ ಕುತ್ತಿಗೆಪಟ್ಟಿ ಹಿಡಿಯಬೇಕೆಂದಿದ್ದೆ. ಅಕ್ಕ ನನ್ನ ಧೋತರದ ಚುಂಗು ಹಿಡಿದು ಎಳೆದು ಕೂರಿಸಿ, ಅವನಿಗೆ, "ಅದಾನ, ಬರ್ರಿ" ಎಂದಳು. ಒಂದು ಚಾಕುವನ್ನು ಗೋಣಿಯ ಮೇಲೆ ಇಟ್ಟಳು. ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ ನಮ್ಮಲ್ಲಿ, ಜಗಳವಾಗುತ್ತದೆ ಎಂದು. ನೆಲಕ್ಕೆ ಇಡಬೇಕು, ಅವರು ಎತ್ತಿಕೊಳ್ಳಬೇಕು.

ಅಂದಿನಿಂದ ಆಕೆಯೇ ಕೂಗಲು ಶುರುಮಾಡಿದಳು. "ಸುಂಕೇಶಾ... ಬರ್ರೀ, ಸುಂಕೇಶಾ..." ಸಂತೆಯ ಆ ತುದಿಗೆ ಕೇಳುತ್ತದೆ ಆಕೆಯ ದನಿ. ಆ ಕೂಸಿನ ಒಂದು ಫೋಟೋ ಇಲ್ಲ. ಯಾವ ಕಾರ್ಡಿನಲ್ಲೂ ಅದರ ಹೆಸರಿಲ್ಲ. ಇರುವುದು ಈ ಕೂಗಿನಲ್ಲಿ, ಕುರಿಗಾರರ ಸೊಂಟದಲ್ಲಿ.

ಒಮ್ಮೆ ನಾನು ಭಾವನಿಗೇ ಹೇಳಿದೆ, "ಬೆಂಕಿ ಮುಂದ ಬೇಯೋನು ನೀನು, ಹೆಸರು ಮಾತ್ರ ಹೋದ ಹುಡುಗಂದು. ನಿನ್ನ ಹೆಸರು ಕೆತ್ತಿಸ್ಕೊ." ಅವನು ತಿದಿ ಒತ್ತುತ್ತಲೇ ಅಂದ, "ಇರಲಿ ಬಿಡಲೇ ನರಸ. ಹುಡುಗ ದುಡೀಲಿ." ಅಷ್ಟು ಉದ್ದದ ಮಾತನ್ನು ಅವನು ಆ ತಿಂಗಳಲ್ಲಿ ಇನ್ನೊಂದು ಆಡಿರಲಿಕ್ಕಿಲ್ಲ.

ಭಾವ ತೀರಿ ಮೂರು ವರ್ಷವಾಯಿತು. ಕುಲುಮೆಯನ್ನು ಈಗ ನೋಡಿಕೊಳ್ಳುವವನು ಎರಡನೇ ಮಗ ಶಿವಕೃಷ್ಣ. ಅಪ್ಪನಷ್ಟೇ ಗಟ್ಟಿ ಕೈ, ಅಪ್ಪನ ಹಾಗೆಯೇ ಅವನು ಕಾಯಿಸಿದ ಅಲಗು ಬೇಗ ಮೊಂಡಾಗುವುದಿಲ್ಲ. ಆದರೆ ಅಪ್ಪನ ಹಾಗೆ ಸುಮ್ಮನಿರುವವನಲ್ಲ. ಹೋದ ಬೇಸಿಗೆಯಲ್ಲಿ ಅವನು ನನಗೆ ಫೋನು ಮಾಡಿದ.

"ಮಾಮ, ಅರ್ಜೆಂಟ್ ಬಾ. ಅವ್ವನ್ನ ಒಪ್ಪಿಸಬೇಕು."

"ಯಾತಕ್ಕ?"

"ಬಾ ನೀನು."

ಹೋದೆ. ವಿಷಯ ಇಷ್ಟು: ಯಾರೋ ವ್ಯಾಪಾರದವರು ಎಲ್ಲಿಂದಲೋ ಯಂತ್ರದ ಚಾಕು ತರಿಸಿ, ಕೊಂಬಿನ ಬಣ್ಣದ ಪ್ಲಾಸ್ಟಿಕ್ ಹಿಡಿಕೆಯದನ್ನು ಸುಂಕೇಶ ಎಂದೇ ಮಾರಲು ಶುರುಮಾಡಿದ್ದರು. ಶಿವಕೃಷ್ಣ ಅದಕ್ಕೊಂದು ಉಪಾಯ ಮಾಡಿದ್ದ. ಆದೋನಿಗೆ ಹೋಗಿ ಉಕ್ಕಿನ ಅಚ್ಚು ಮಾಡಿಸಿ ತಂದಿದ್ದ. ಅಲಗಿನ ಮೇಲೆ ಇಟ್ಟು ಸುತ್ತಿಗೆಯಲ್ಲಿ ಒಂದು ಏಟು ಹೊಡೆದರೆ ಅಕ್ಷರ ಮೂಡುತ್ತದೆ: ಮಾರೆಪ್ಪ.

ಅಚ್ಚನ್ನು ಗಂಗಕ್ಕನ ಮುಂದೆ ಇಟ್ಟಿದ್ದರು. ಆಕೆಗೆ ಓದು ಬರದು. "ಏನೈತಿ ಅದರಾಗ?" ಎಂದು ಸೊಸೆಯನ್ನು ಕೇಳಿದ್ದಳು. ಸೊಸೆ ಹರಿತಾ ಇಂಟರ್‌ವರೆಗೆ, ಅಂದರೆ ಹನ್ನೆರಡನೇ ತರಗತಿಯವರೆಗೆ, ಓದಿದವಳು. ಆದರೆ ಅದು ಮಾವನ ಹೆಸರು, ಅತ್ತೆಯ ಎದುರು ಆಕೆ ಹೇಗೆ ಹೇಳಿಯಾಳು? "ಅದೇ ಅತ್ತಿ... ಮಾವನವರದು" ಎಂದು ಒಳಗೆ ಹೋಗಿದ್ದಳು. ಅಷ್ಟಕ್ಕೇ ಮನೆಯಲ್ಲಿ ಜಗಳ ಹತ್ತಿಕೊಂಡಿತ್ತು.

ನಾನು ಕೂತ ಕೂಡಲೇ ಶಿವಕೃಷ್ಣ ಶುರುಮಾಡಿದ. "ಅಪ್ಪ ಸಾಯೋತನಕ ಬೆಂಕಿ ಮುಂದ ಕುಂತ ಮಾಮ. ಒಬ್ಬರಾದ್ರೂ ಆತನ ಹೆಸರು ಅಂತಾರೇನು? ನಾ ಕಣ್ಣಿಲೆ ನೋಡದ ಅಣ್ಣನ ಹೆಸರು ಊರೆಲ್ಲಾ ಅಂತದ. ನಾ ಇಷ್ಟು ವರ್ಷ ಬಡಿದೀನಿ, ನನ್ನ ಹೆಸರು ಬ್ಯಾಡ. ಅಪ್ಪಂದಾದ್ರೂ ಬರಲಿ."

ನನಗೂ ಹೌದೆನ್ನಿಸಿತು. ಅಕ್ಕನ ಕಡೆ ತಿರುಗಿದೆ. "ಏನಕ್ಕಾ ನಿಂದು?"

"ಆ ಅಕ್ಷರ ಹೊಡೆದ ಮ್ಯಾಲೆ ಸಂತ್ಯಾಗ ನಾ ಏನಂತ ಕೂಗಲಿ?"

"ಕೂಗು ಮೊದಲಿನಂಗ."

"ಬರೆದದ್ದೊಂದು, ಕೂಗೋದೊಂದು. ಕಳ್ಳಮಾಲು ಅಂತಾರ ಮಂದಿ. ಇವತ್ತು ಕೇಳ್ತಾರ, ನಾಳಿ ಅಕ್ಷರಾನ ಓದ್ತಾರ, ನಾಡಿದ್ದು ಅದೇ ಹೆಸರು ಆಗ್ತದ. ನನ್ನ ಕೂಸು ಎಲ್ಲಿ ಉಳೀತು ಆವಾಗ?"

 ನನಗೆ ಸಿಟ್ಟು ಬಂತು. "ಹಂಗಾದ್ರ ಸುಂಕೇಶ ಅಂತಾನ ಅಚ್ಚು ಹೊಡೀರಲೇ! ಅದಕ್ಕೇನು ರೋಗ?"

"ಅದನ್ನ ಅವರೂ ನಾಳೆನ ಹೊಡೀತಾರ ಮಾಮ," ಎಂದ ಶಿವಕೃಷ್ಣ. "ಈಗಾಗ್ಲೇ ಕವರಿನ ಮ್ಯಾಲೆ ಹಾಕ್ಯಾರ. ಮಾರೆಪ್ಪ ಅಂದ್ರ ನಮ್ಮಪ್ಪ ಅಂತ ಊರಿಗೆಲ್ಲಾ ಗೊತ್ತೈತಿ, ಆ ಹೆಸರು ಅವರು ಹೆಂಗ ಹಾಕ್ತಾರ?"

"ಅಕ್ಕಾ," ಎಂದೆ, "ಭಾವ ಹೋಗಿ ಎರಡು ವರ್ಷದ ಮ್ಯಾಲಾತು. ಈಗ ಆತನ ಹೆಸರು ನೀನ ಕೂಗಿದ್ರ ಯಾರ ಆಯುಷ್ಯ ಕಡಿಮಿ ಆಗ್ತದ? ಮಾರೆಪ್ಪ ಅನ್ನು, ಮುಗೀತು!"

"ನಿನ್ನ ಹೆಂಡ್ತಿ ಹೇಳ್ತಾಳೇನು ನಿನ್ನ ಹೆಸರು?"

"ಹೇಳ್ತಾಳ, ಬೈಯೋವಾಗ."

ಒಳಗಿನಿಂದ ಹರಿತಾ ನಕ್ಕಿದ್ದು ಕೇಳಿಸಿತು. ಗಂಗಕ್ಕ ನಗಲಿಲ್ಲ. ಅಚ್ಚನ್ನು ಎತ್ತಿ ಬಾಗಿಲ ಹಿಂದಿನ ಗೂಡಿನಲ್ಲಿ ಇಟ್ಟು, ಅದರ ಮೇಲೆ ಒಂದು ಚೆಂಬು ಬೋರಲು ಹಾಕಿ, "ರೊಟ್ಟಿ ತಿಂದು ಹೋಗಲೇ ನರಸ್ಯಾ" ಎಂದಳು. ಮುಗಿಯಿತು ನನ್ನ ಪಂಚಾಯಿತಿ. ತಿಂದು, ಇಬ್ಬರನ್ನೂ ಬೈದು, ಬಸ್ಸು ಹತ್ತಿದೆ. ನಮ್ಮೂರು ಪೆದ್ದಹರಿವಾಣ ಮುಟ್ಟುವವರೆಗೂ ಗೊಣಗುತ್ತಿದ್ದೆನಂತೆ, ಪಕ್ಕದಲ್ಲಿ ಕೂತವನು ಎದ್ದು ಬೇರೆ ಸೀಟಿಗೆ ಹೋದ.

ಸ್ವಲ್ಪ ದಿನಕ್ಕೆ ನಾನು ಒಂದು ಹೋತ ಕೊಳ್ಳಲು ಹೊಳಗುಂದದ ಸಂತೆಗೆ ಹೋದೆ. ಕುರಿಸಾಲಿಗೆ ತಿರುಗುವ ಮೊದಲೇ, ತೆಲುಗಿನಲ್ಲಿ ಬರ್ರಿ ಬರ್ರಿ ಎಂದು ಕರೆಯುವ ಕೂಗು ಕಿವಿಗೆ ಬಿತ್ತು. "ಸುಂಕೇಶ, ಸುಂಕೇಶ, ಸುಂಕೇಶ! ಒರಿಜಿನಲ್ ಸುಂಕೇಶ! ರಂಡಿ ಬಾಬು ರಂಡಿ!" ಆ ಯಂತ್ರದ ಚಾಕುವಿನವರ ಆಟೋ. ಅದರ ತಲೆಯ ಮೇಲೆ ಮೈಕು. ಒಮ್ಮೆ ಕೂಗಿ ತುಂಬಿಟ್ಟ ದನಿ, ಉಸಿರು ತೆಗೆದುಕೊಳ್ಳದೆ ಅದನ್ನೇ ಕೂಗುತ್ತಿತ್ತು. ಆಟೋದವನು ಒಳಗೆ ಕಾಲು ಚಾಚಿ ಫೋನು ನೋಡುತ್ತ ಮಲಗಿದ್ದ.

ಅದರಿಂದ ನಾಲ್ಕು ಮಾರು ದೂರದಲ್ಲಿ ಗಂಗಕ್ಕ ಗೋಣಿ ಹಾಸಿ ಕೂತಿದ್ದಳು. ಬಾಯಿ ಮುಚ್ಚಿತ್ತು. ಕೂಗಿದರೂ ಕೇಳುವ ಹಾಗಿರಲಿಲ್ಲ. ತಾನು ಹೆತ್ತ ಮಗನ ಹೆಸರನ್ನು ಆ ಡಬ್ಬಿ ಒದರುತ್ತಿತ್ತು, ಆಕೆ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು ಸುಮ್ಮನೆ ಕೂತಿದ್ದಳು.

"ಅದರ ವೈರು ಹರೀಲೇನಕ್ಕಾ?" ಎಂದೆ.

"ಕೂಡು ಸುಮ್ಮನ."

ಅಷ್ಟರಲ್ಲಿ ಮಾಧವರಂ ಕಡೆಯ ಗಾದಿಲಿಂಗ ಬಂದ. ಮುದುಕ, ಹಳೆಯ ಗಿರಾಕಿ, ಕಣ್ಣು ಮಂಜು. ಬಂದವನೇ ಕಂಬಳಿಯಿಂದ ಒಂದು ಮುರಿದ ಚಾಕು ತೆಗೆದು ಗೋಣಿಯ ಮೇಲೆ ಒಗೆದ. ಅಲಗು ಒಂದು ಕಡೆ, ಹಿಡಿಕೆ ಒಂದು ಕಡೆ.

"ಏನವ್ವಾ ಗಂಗವ್ವಾ, ಹಿಂಗ ಮಾಡ್ತೀರೇನು? ಮರಿ ಹೊಕ್ಕುಳ ಕೊಯ್ಯಾಕ ಹೋದ್ರ ಕೈಯಾಗ ಮುರೀತು. ನಿನ್ನ ಸುಂಕೇಶ ಒಂದು ವಾರ ಬಾಳಲಿಲ್ಲ ನೋಡು!"

 ನಾನು ಎದ್ದೇ ಬಿಟ್ಟಿದ್ದೆ. "ಏ ಮುದುಕಾ, ಬಾಯಿ ಬಿಗಿಹಿಡಿ!" ಅವನು ಏನೂ ತಿಳಿಯದೆ ಎರಡು ಹೆಜ್ಜೆ ಹಿಂದೆ ಸರಿದ. ನನ್ನ ಧೋತರದ ಚುಂಗು ಮತ್ತೆ ಆಕೆಯ ಕೈಯಲ್ಲಿತ್ತು. ನನಗೆ ತಲೆ ಬೆಳ್ಳಗಾಗಿದೆ, ಆಕೆ ಎಳೆಯುವುದನ್ನು ಬಿಟ್ಟಿಲ್ಲ.

ಮುರಿದ ಹಿಡಿಕೆಯನ್ನು ಎತ್ತಿ ಉಗುರಿನಿಂದ ಗೀರಿ ನೋಡಿದಳು. "ಇದು ನಮ್ಮದಲ್ಲಪ್ಪಾ ಗಾದಿಲಿಂಗ. ಪ್ಲಾಸ್ಟಿಕ್ ಐತಿ."

"ನನಗ ಹೆಂಗ ಗೊತ್ತಾಗಬೇಕವ್ವಾ? ಅಲ್ಲೂ ಸುಂಕೇಶ ಅಂದ್ರು, ತಗೊಂಡೆ. ನಿಮ್ಮದು ಅಂತ ಗುರುತು ಏನೈತಿ?"

ಅಕ್ಕ ತನ್ನ ಸಾಲಿನಿಂದ ಒಂದನ್ನು ತೆಗೆದು ಅವನ ಮುಂದೆ ಇಟ್ಟಳು. ಅವನು ಬಿಚ್ಚಿ, ಮಡಚಿ, ಉಡಿದಾರಕ್ಕೆ ಕಟ್ಟಿಕೊಂಡು, ನನ್ನ ಕಡೆ ಒಂದು ಕಣ್ಣಿಟ್ಟುಕೊಂಡೇ ಹೋದ. ಮುರಿದದ್ದನ್ನು ಅಕ್ಕ ಸೆರಗಿನಲ್ಲಿ ಕಟ್ಟಿದಳು. ಮೈಕು ಕೂಗುತ್ತಲೇ ಇತ್ತು. ಸಂತೆ ಅರ್ಧಕ್ಕೇ ಗೋಣಿ ಮಡಚಿದಳು. ಇಷ್ಟು ವರ್ಷದಲ್ಲಿ ಆಕೆ ಹಾಗೆ ಎದ್ದದ್ದನ್ನು ನಾನು ಕಂಡಿರಲಿಲ್ಲ. ನನ್ನ ಹೋತ ಅಲ್ಲಿಗೇ ಉಳಿಯಿತು.

ಮನೆಗೆ ಬಂದವಳು ನೀರು ಕೂಡ ಕುಡಿಯಲಿಲ್ಲ. ಗೂಡಿನ ಚೆಂಬು ಎತ್ತಿ, ಅಚ್ಚು ತೆಗೆದುಕೊಂಡು, ಹಿತ್ತಲಿಗೆ ಹೋಗಿ, ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಶಿವಕೃಷ್ಣನ ಮುಂದೆ ಇಟ್ಟಳು.

"ಹೊಡಿ."

ಅವನು ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ.

"ನಿಮ್ಮಪ್ಪಂದು ಹೊಡಿ. ಒಂದೂ ಬಿಡದಂಗ ಎಲ್ಲಾದಕ್ಕೂ ಹೊಡಿ," ಎಂದಳು. ಸೆರಗಿನ ಗಂಟು ಬಿಚ್ಚಿ ಮುರಿದದ್ದನ್ನು ತೋರಿಸಿದಳು. "ಇದನ್ನ ನನ್ನ ಮುಂದ ಒಗೆದು, ನಿನ್ನ ಸುಂಕೇಶ ಬಾಳಲಿಲ್ಲ ಅಂದ ಒಬ್ಬಾತ. ಇನ್ನೊಮ್ಮೆ ಆ ಮಾತು ನಾ ಕೇಳಬಾರ್ದು."

ಶಿವಕೃಷ್ಣ ಮುರಿದ ತುಂಡುಗಳನ್ನು ತೆಗೆದುಕೊಂಡು ಒಂದಕ್ಕೊಂದು ಹೊಂದಿಸಿ ನೋಡಿದ. ನೋಡದ ಅಣ್ಣನ ಮೇಲೆ ಅವನಿಗಿದ್ದ ಮುನಿಸು ಆ ಹೊತ್ತಿಗೆ ಎಲ್ಲಿ ಹೋಯಿತೋ. "ಆಗಲವ್ವಾ" ಎಂದ, ಮೆಲ್ಲಗೆ.

"ತಡಿ. ಹೊಡಿಯೋದು ನಿಂದು. ಕೂಗೋದು ನಂದು. ಅದನ್ನ ಯಾರೂ ಮುಟ್ಟಬಾರ್ದು. ನಾ ಇರೋತನಕ ಸಂತ್ಯಾಗ ಅದು ಸುಂಕೇಶಾನ."

"ಆಗಲಿ."

"ಮತ್ತ ಯಾರಾದ್ರೂ, ಇದರ ಮ್ಯಾಲೆ ಏನು ಬರೆದೈತಿ ಅಂದ್ರ?" ಎಂದೆ ನಾನು. ಕೇಳಬಾರದಿತ್ತು. ತಾಯಿ ಮಗ ಇಬ್ಬರೂ ಒಟ್ಟಿಗೇ ನನ್ನ ಕಡೆ ತಿರುಗಿದರು.

ಇದೀಗ ನನ್ನ ಬದುಕು ಹೀಗಿದೆ. ಸಂತೆಯ ದಿನ ಕುರಿಗಳನ್ನು ತಮ್ಮನ ಮಗನಿಗೆ ಒಪ್ಪಿಸಿ, ಮೊದಲ ಬಸ್ಸಿಗೆ ಹೊಳಗುಂದಕ್ಕೆ ಬಂದು, ಗೋಣಿಯ ಒಂದು ಮೂಲೆಯಲ್ಲಿ ಕೂರುತ್ತೇನೆ. ಆಟೋದವನು ಈಗಲೂ ಬರುತ್ತಾನೆ, ಆದರೆ ಕುರಿಗಾರರು ಅಲಗು ಬಿಚ್ಚಿ ಬಿಸಿಲಿಗೆ ಹಿಡಿದು ಅಕ್ಷರ ಹುಡುಕುತ್ತಾರೆ, ಇಲ್ಲದಿದ್ದರೆ ಕೆಳಗಿಡುತ್ತಾರೆ. ಅಲ್ಲಿಂದ ನಮ್ಮ ಕಡೆ ಬರುತ್ತಾರೆ. ಗಂಗಕ್ಕ ಮೈಕಿನ ಮೇಲೆ ದನಿ ಏರಿಸಿ, "ಸುಂಕೇಶಾ... ಬರ್ರೀ" ಎಂದು ಕೂಗುತ್ತಾಳೆ. ಬಂದವನು ಅಲಗು ತಿರುಗಿಸಿ, "ಏನು ಬರೆದೈತವ್ವಾ ಇಲ್ಲಿ?" ಎನ್ನುತ್ತಾನೆ. ಆಕೆ ಬಾಯಿ ಮುಚ್ಚುತ್ತಾಳೆ. ನನ್ನ ಪಕ್ಕೆಗೆ ಮೊಣಕೈ ಬರುತ್ತದೆ. ಅಕ್ಕನಿಗೆ ಅರವತ್ತು ದಾಟಿದರೂ ಆ ಮೊಣಕೈಯ ಮೊನೆ ಹೋಗಿಲ್ಲ.

"ಮಾರೆಪ್ಪ!" ಎಂದು ನಾನು ಕೂಗುತ್ತೇನೆ.

"ಆಕಿ ಸುಂಕೇಶ ಅಂತಾಳ, ನೀ ಮಾರೆಪ್ಪ ಅಂತೀ," ಎನ್ನುತ್ತಾನೆ ಅವನು. "ಎರಡು ತರ ಅದಾವೇನು?"

ಮತ್ತೆ ಮೊದಲಿನಿಂದ ಹೇಳಬೇಕು. ಲಾರಿ ಪಟ್ಟಿಯಿಂದ ಹಿಡಿದು. ಸಂತೆ ಸಂತೆಗೂ.